ರಾವುತನಿಗೆ ಮೂರು ಗುಂಡಿ

ಮೊದಲ ಕರಡಿನಲ್ಲಿ ಅವನಿಗೆ ಎಲ್ಲ ಕೊಟ್ಟಿದ್ದೆ:
ಬಲಕ್ಕೆ ಹದಿನೆಂಟು, ಧೈರ್ಯಕ್ಕೆ ಹದಿನೆಂಟು,
ನೆತ್ತಿಯಿಂದ ಹಿಮ್ಮಡಿವರೆಗೆ ಉಕ್ಕು,
ಬಿಳಿ ಕುದುರೆ, ಹೆಸರಿಟ್ಟ ಕತ್ತಿ.
ಮೂರು ಗುರುವಾರ ಯಾರೂ ಅವನನ್ನು ಆರಿಸಲಿಲ್ಲ.

ಲಿಯೆಪಾಯಾದಲ್ಲಿ ನವೆಂಬರ್. ಕಡಲ ಗಾಳಿ
ಟ್ರ್ಯಾಮ್ ಡಿಪೋದ ತಗಡನ್ನು ರಾತ್ರಿಯಿಡೀ ಬಡಿಯುತ್ತದೆ.
ಕಳೆದುಹೋದ ವಸ್ತುಗಳ ಕಿಟಕಿಯ ಹಿಂದೆ ನನ್ನ ಕೆಲಸ:
ಕೊಡೆ, ಒಂಟಿ ಕೈಗವಸು, ಒಮ್ಮೆ ಒಂದು ಹಲ್ಲಿನ ಸೆಟ್ಟು.
ಆರಕ್ಕೆ ಕಿಟಕಿ ಮುಚ್ಚಿ ಅದೇ ಮೇಜಿನ ಮೇಲೆ
ಕಾಡು ಹಾಸುತ್ತೇನೆ. ದಾಳ ನಾಲ್ಕು, ಮೊಂಡು ಪೆನ್ಸಿಲ್ಲು,
ತಟ್ಟೆಯಲ್ಲಿ ಜೀರಿಗೆ ಹಾಕಿದ ಚೀಸು.

ಉಳಿದವರೆಲ್ಲ ತಾವಾಗಿ ನಡೆದುಬಂದಿದ್ದರು:
ಬೂದಿಯ ಜೊತೆ ಮಾತಾಡುವ ಕಿರಿಮಗಳು,
ಎರಡು ಸಲ ತಪ್ಪದೆ ಸೋಲುವ ಗಿರಣಿಯವನ ಮಗ,
ಅರ್ಧ ಮಂತ್ರ ಮರೆತ ಮಾಟಗಾತಿ.
ಒಬ್ಬೊಬ್ಬರಿಗೂ ಒಂದು ಊನ;
ಆ ಸಂದಿನಿಂದಲೇ ಕಥೆ ಒಳಗೆ ಬರುವುದು.
ರಾವುತನಿಗೆ ಸಂದೇ ಇರಲಿಲ್ಲ. ಮುಚ್ಚಿದ ಡಬ್ಬಿ,
ಅಲ್ಲಾಡಿಸಿದರೆ ಸದ್ದೂ ಇಲ್ಲ.

ನಾಲ್ಕನೆಯ ಗುರುವಾರ, ಪಾಪ ಎಂದು, ಗುಂಟಿಸ್ ಅವನನ್ನೆತ್ತಿಕೊಂಡ.
ಮೂವತ್ತು ವರ್ಷ ಟ್ರ್ಯಾಮ್ ಓಡಿಸಿದವನು,
ಹಳಿ ಬಿಟ್ಟು ಗೊತ್ತಿಲ್ಲ. ನೆಟ್ಟಗೆ ಹೋದ.
ಎರಡನೆಯ ಸುತ್ತಿಗೇ ಡ್ರ್ಯಾಗನ್ ಸತ್ತಿತು.
ಗಂಟೆ ಏಳೂಕಾಲು. ಚಹಾ ಇನ್ನೂ ಬಿಸಿ.
"ಮುಂದೇನು?" ಅಂದ.
ನನ್ನ ಬಳಿ ಮುಂದೆ ಇರಲಿಲ್ಲ.

ಮನೆಗೆ ಬಂದು ಅಳಿಸತೊಡಗಿದೆ.
ಬಲ ಹತ್ತಕ್ಕಿಳಿಯಿತು, ಆಮೇಲೆ ಎಂಟಕ್ಕೆ.
ಕತ್ತಿಯ ಹೆಸರು ಹೋಯಿತು.
ಕುದುರೆ ಇರಲಿ, ಅಂದಳು ಜಿದ್ರಾ ಫೋನಿನಲ್ಲಿ,
ಅವನಿಗಿಂತ ಬುದ್ಧಿ ಅದಕ್ಕೇ ಹೆಚ್ಚಿರಲಿ.
(ರಾತ್ರಿಪಾಳಿಯ ದಾದಿ ಅವಳು; ದೊಡ್ಡ ಡಾಕ್ಟರುಗಳನ್ನು ಕಂಡವಳು.)
ಧೈರ್ಯದ ಮನೆಯನ್ನು ಉಜ್ಜಿ ಉಜ್ಜಿ ಕಾಗದ ಹರಿದು
ತೂತಿನಲ್ಲಿ ಮೇಜಿನ ಮರ ಕಂಡಿತು.
ಅದನ್ನು ಹಾಗೇ ಬಿಟ್ಟೆ.

ಬದಲಿಗೆ ಮೂರು ಗುಂಡಿ.
ಯಾರೂ ಕೇಳಿಕೊಂಡು ಬಾರದ ಕೋಟುಗಳಿಂದ ಉದುರಿದವು:
ಒಂದು ಕೊಂಬಿನದು, ಒಂದು ಹಿತ್ತಾಳೆ, ಒಂದು ನೀಲಿ ಪ್ಲಾಸ್ಟಿಕ್ಕು.
ರಾವುತ ಮಾತು ಕೊಟ್ಟಾಗ ಗುಂಡಿಯನ್ನೂ ಕೊಡಬೇಕು.
ಮಾತು ನಿಂತಿರುವಷ್ಟು ಕಾಲ ಯಾವ ದಾಳವೂ ಅವನನ್ನು ಕೆಡವಲಾರದು.
ಮುರಿದರೆ ಕವಚ ತುಂಡುತುಂಡಾಗಿ ಕಳಚುತ್ತದೆ,
ಮೊದಲು ಬೀಳುವುದು ಎದೆಯದು.
ಮೂರನ್ನೂ ಕೊಟ್ಟು ಕೈ ಬರಿದಾದವನಿಗೆ?
ಬರೆದಿರಲಿಲ್ಲ.

ಈ ಸಲ ಕೈ ಚಾಚಿದ್ದು ಮದಾರಾ, ಜಿದ್ರಾಳ ಮೊಮ್ಮಗಳು,
ಹನ್ನೊಂದು ವರ್ಷ, ಇನ್ನೊಂದು ಕೈಗೆ ಸುಣ್ಣದ ಪಟ್ಟಿ.
"ಇವನು ಹೆದರಬಹುದಾ?"
ಕಾಗದದ ತೂತಿನಲ್ಲಿ ಬೆರಳು ತೂರಿಸಿ ಕೇಳಿದಳು.
ಬೇಡ ಅಂತ ನಿಯಮದಲ್ಲಿಲ್ಲ, ಅಂದೆ.

ಹಿತ್ತಾಳೆಯದು ದೋಣಿ ದಾಟಿಸುವ ಮುದುಕಿಗೆ ಹೋಯಿತು.
ಕೊಂಬಿನದು ತನ್ನದೇ ಕುದುರೆಗೆ;
ಕೊಟ್ಟ ಮಾತೇನೆಂದು ಅದರ ಕಿವಿಗೆ ಹೇಳಿದಳು, ನಮಗಲ್ಲ.
ಗವಿಯಲ್ಲಿ ಡ್ರ್ಯಾಗನ್ ಒಂದು ಕಣ್ಣು ತೆರೆಯಿತು:
ನಿದ್ದೆಗೆಟ್ಟು ನೂರು ವರ್ಷವಾಯಿತು,
ಯಾರಾದರೊಬ್ಬರು ಕತ್ತಿ ಹಿರಿದು ಬರುತ್ತಲೇ ಇರುತ್ತಾರೆ.
ಮದಾರಾ ನೀಲಿ ಗುಂಡಿಯನ್ನು ಮೇಜಿನ ನಡುವೆ ಇಟ್ಟಳು.
"ನೀನು ಮಲಗು. ನಾನು ಕಾಯ್ತೇನೆ."

ಗುಂಟಿಸ್ ಚಮಚ ಕೆಳಗಿಟ್ಟ.
ಊರಿನವರು ಆಗಲೇ ಪಂಜು ಹಿಡಿದು ಗುಡ್ಡ ಹತ್ತುತ್ತಿದ್ದರು,
ಅದನ್ನು ನಾನೇ ಬರೆದಿದ್ದೆ, ಅಳಿಸುವಂತಿಲ್ಲ.
ಹೊರಗೆ ಕೊನೆಯ ಟ್ರ್ಯಾಮಿನ ಗಂಟೆ.
ಅವಳು ಏಳಲಿಲ್ಲ. ಕೋಟಿನ ಒಂದೇ ತೋಳು ತೊಟ್ಟು
ಗವಿಯ ಬಾಯಲ್ಲೇ ಕೂತಿದ್ದಳು.

ಇವತ್ತು ಶುಕ್ರವಾರ.
ಊರಿನವರನ್ನು ಗುಡ್ಡದ ನಡುವೆ ನಿಲ್ಲಿಸಿದ್ದೇನೆ,
ಪಂಜಿನ ಎಣ್ಣೆ ಆರು ದಿನ ಬರಬೇಕು.
ಹಾಳೆಯ ಅಡಿಯಲ್ಲಿ ಒಂದು ಸಾಲು ಸೇರಿಸಿದೆ:
ರಾವುತ ಕಾಯಬಲ್ಲ. ದಾಳ ಬೇಡ.
ಕುದುರೆಯ ಮೇವಿನ ಲೆಕ್ಕ ಇನ್ನೂ ಬಾಕಿ.