ಪ್ರಕಟಣೆ

ನಾನು ಈವರೆಗೆ ಪ್ರಕಟವಾಗಿರುವುದು ಒಂದೇ ಕಡೆ:
ರಾಟರ್‌ಡ್ಯಾಮಿನ ಈ ಲೈಬ್ರರಿಯ ನಾಲ್ಕು ಮಹಡಿಗಳಲ್ಲಿ,
ದಿನಾ ಸಂಜೆ ಏಳೂಮುಕ್ಕಾಲಿಗೆ,
ಸೂರಿನ ತೂತುತೂತು ಸ್ಪೀಕರುಗಳಿಂದ.

ಓದುಗರೇ, ಇನ್ನು ಹದಿನೈದು ನಿಮಿಷಕ್ಕೆ ಬಾಗಿಲು ಹಾಕುತ್ತೇವೆ.
ಬೇಕಾದ ಪುಸ್ತಕ ಕೌಂಟರಿಗೆ ತನ್ನಿ.

ಬರೆದವರು ಯಾರೋ. ಚೀಟಿ ಹಳದಿಗಟ್ಟಿದೆ,
ಅಂಟಿಸಿದ ಟೇಪಿನಡಿ ಹಿಂದಿನವರ ಬೆರಳ ಗುರುತು.
ಗುಂಡಿ ಒತ್ತಿ ಓದುವುದಷ್ಟೇ ನನ್ನ ಪಾಲಿನದು.
ಮೊದಲ ವಾರ ಮಾರ್ಯೊಲೈನ್ ಪಕ್ಕದಲ್ಲೇ ನಿಂತು
ಗಂಟಲಿನಿಂದ, ಗಂಟಲಿನಿಂದ, ಎನ್ನುತ್ತಿದ್ದಳು,
ಆ ಅಕ್ಷರ ನಾಲಗೆಯದಲ್ಲ.
ಮುಳ್ಳು ಸಿಕ್ಕವನಂತೆ ಕ್ಯಾಕರಿಸಿದೆ.
ಭೇಷ್, ಈಗ ನೀನು ಈ ಊರಿನವ, ಅಂದಳು.

ಎದೆಯ ಬಿಲ್ಲೆಯ ಮೇಲೆ ಅದೆರಿಟು ಎಂದಷ್ಟೇ ಇದೆ.
ಕೆಳಗೆ ಇನ್ನೊಂದು ಪದಕ್ಕೆ ಜಾಗವಿತ್ತು.
ಕೇಳಲು ನಾಚಿಕೆಯಾಯಿತು.

ಹಗಲೆಲ್ಲ ಗಾಡಿ ತಳ್ಳುತ್ತೇನೆ. ಒಂದು ಚಕ್ರ ಕುಂಟು,
ತಿರುವಿನಲ್ಲಿ ಕುಂಯ್ ಎನ್ನುತ್ತದೆ; ನಿದ್ದೆಹೋದ ವಿದ್ಯಾರ್ಥಿಗಳು
ತಲೆ ಎತ್ತಿ ನನ್ನನ್ನೇ ಬೈದುಕೊಳ್ಳುತ್ತಾರೆ.
ಮೊಂತೈರು ನಮ್ಮ ಮನೆತನದ ಹೆಸರು.
ಮೂರನೇ ಮಹಡಿಯ ಆ ಕಪಾಟಿನಲ್ಲಿ ಇಬ್ಬರು ದಢೂತಿಗಳ ನಡುವೆ
ಬೆರಳಗಲ ಸಂದು ಮಾಡಿಟ್ಟು ಬರುತ್ತೇನೆ.
ಬೆಳಗಾಗುವಷ್ಟರಲ್ಲಿ ಅವರು ಒಬ್ಬರಿಗೊಬ್ಬರು ಒರಗಿರುತ್ತಾರೆ
ಏನೂ ಆಗಿಲ್ಲವೆಂಬಂತೆ.

ಅತ್ತೆ ದುಲ್ಸೆಲಿನಾ ಹಡಗು ಕಂಪನಿಯ ಕಚೇರಿ ಗುಡಿಸುತ್ತಾಳೆ.
ಪುಸ್ತಕಗಳ ನಡುವೆ ಕೆಲಸವೆಂದರೆ ಅವಳಿಗೆ
ಅರ್ಧ ಪಾದ್ರಿಯಾದ ಲೆಕ್ಕ. ಭಾನುವಾರ ಚರ್ಚಿನಲ್ಲಿ
ನನ್ನ ಕಾಲರ್ ಸರಿಮಾಡಿ ಎಲ್ಲರಿಗೂ ತೋರಿಸುತ್ತಾಳೆ.
ಬರೆಯುತ್ತಾನೆ, ಎಂದು ಮಾತ್ರ ಹೇಳುವುದಿಲ್ಲ.
ಕುಡಿಯುತ್ತಾನೆ ಅಂದ ಹಾಗೆ ಕೇಳಿಸುತ್ತದಂತೆ.

ಊಟದ ಬಿಡುವಿನಲ್ಲಿ, ನೆಲಮಾಳಿಗೆಯ ಬಾಯ್ಲರ್ ಪಕ್ಕ,
ರದ್ದಾದ ಕ್ಯಾಟಲಾಗ್ ಕಾರ್ಡುಗಳ ಬೆನ್ನಿಗೆ ಬರೆಯುತ್ತೇನೆ.
ಫೋಗು ದ್ವೀಪದ ಕರಿಮರಳಿನಲ್ಲಿ ಒಬ್ಬ ಹೆಂಗಸು
ದೋಣಿ ಕಾಯುತ್ತ ನಿಂತಿದ್ದಾಳೆ, ಮೂರು ತಿಂಗಳಿಂದ,
ಹದಿನಾರನೇ ಪುಟದಲ್ಲಿ.
ಪಾಪ, ಕಾಲು ಬಾತಿರಬೇಕು.
ಕ್ರಿಯೋಲಿನಲ್ಲಿ ಬರೆದರೆ ಅವಳ ಒಂದೊಂದು ಮಾತಿಗೂ ಮೂರು ಕಾಗುಣಿತ,
ಅತ್ತೆಯದೊಂದು, ಪಕ್ಕದ ದ್ವೀಪದವರದೊಂದು, ನನ್ನದೊಂದು.
ಪೋರ್ಚುಗೀಸಿನಲ್ಲಿ ಬರೆದರೆ ಶಾಲಾ ಇನ್‌ಸ್ಪೆಕ್ಟರಂತೆ ಮಾತಾಡುತ್ತಾಳೆ.
ಡಚ್ಚಿನಲ್ಲಿ, ನೆಗಡಿಯಾದವಳಂತೆ.
ಹಾಗಾಗಿ ಸದ್ಯಕ್ಕೆ ಅವಳು ಮಾತಾಡುತ್ತಿಲ್ಲ.
ಸಮುದ್ರ ನೋಡುತ್ತಾಳೆ. ನಾನು ಬಾಯ್ಲರ್ ನೋಡುತ್ತೇನೆ.

ಕಿಟಕಿ ಪಕ್ಕದ ಕುರ್ಚಿ ಬಾಕೆಮಾ ಯಜಮಾನರದು.
ನಲವತ್ತು ವರ್ಷ ಬಂದರಿನಲ್ಲಿ ಕ್ರೇನ್ ನಡೆಸಿದ ಕೈ
ಪತ್ರಿಕೆಯ ಹಾಳೆಯನ್ನೂ ಗಾಳಿ ನೋಡಿಕೊಂಡೇ ಮಗುಚುತ್ತದೆ.
ಮುಗಿಯಿತೇನೋ ನಿನ್ನ ಪುಸ್ತಕ?
ಹದಿನಾರನೇ ಪುಟ, ಸಾರ್.
ನಾನು ದಿನಕ್ಕೆ ಇನ್ನೂರು ಪೆಟ್ಟಿಗೆ ಇಳಿಸುತ್ತಿದ್ದೆ.
ಖಾಲಿಯವೂ ಸೇರಿ, ಎಂದು ಒಂದು ದಿನ ಮೆಲ್ಲಗೆ ಅಂದರು.

ನವೆಂಬರಿನ ಒಂದು ಮಂಗಳವಾರ.
ಮಾಸ್ ನದಿಯ ಮಂಜು ಗಾಜಿಗೆ ಬಂದು ಅಂಟಿತ್ತು,
ಕಾಣದ ಹಡಗೊಂದು ಎಮ್ಮೆಯಂತೆ ಕೂಗುತ್ತಿತ್ತು.
ಏಳೂಮುಕ್ಕಾಲು. ಗುಂಡಿ ಒತ್ತಿದೆ.

ಓದುಗರೇ, ಇನ್ನು ಹದಿನೈದು ನಿಮಿಷಕ್ಕೆ ಬಾಗಿಲು ಹಾಕುತ್ತೇವೆ.
ದೋಣಿ ಇನ್ನೂ ಬಂದಿಲ್ಲ.
ಬೇಕಾದ ಪುಸ್ತಕ ಕೌಂಟರಿಗೆ ತನ್ನಿ.

ಚೀಟಿಯಲ್ಲಿಲ್ಲದ ಮೂರು ಪದ.
ಎಲ್ಲಿಂದ ಜಾರಿದವೋ. ನೆಗಡಿಯೂ ಇರಲಿಲ್ಲ ಅವಕ್ಕೆ.
ನನ್ನ ಗಂಟಲ ಪಸೆ ಆರಿತು.
ಯಾರೂ ತಲೆ ಎತ್ತಲಿಲ್ಲ. ಚೀಲವೊಂದರ ಜಿಪ್ ಸರ್ರೆಂದಿತು.
ಮಾರ್ಯೊಲೈನಳ ಪೆನ್ನು ನಿಂತಿತು, ಮತ್ತೆ ಹೊರಟಿತು.
ಸದ್ಯ, ಬಚಾವಾದೆ ಅಂದುಕೊಂಡೆ;
ಅಂದುಕೊಂಡ ಮೇಲೆ ಯಾಕೋ ಪಿಚ್ಚೆನಿಸಿತು.

ಆಗ ಮಫ್ಲರ್ ಸುತ್ತುತ್ತ ಬಂದ ಬಾಕೆಮಾ
ಕೌಂಟರಿಗೆ ಮೊಣಕೈ ಊರಿ,
ಲೆಕ್ಕದಲ್ಲಿ ಒಂದು ಪೆಟ್ಟಿಗೆ ಕಡಿಮೆ ಬಿದ್ದವರ ಹಾಗೆ
ಹುಬ್ಬು ಗಂಟಿಕ್ಕಿ ಕೇಳಿದರು:
ಯಾವ ದೋಣಿ?

ಗುಂಡಿಯಿಂದ ನಾನು ಬೆರಳು ತೆಗೆದೇ ಇರಲಿಲ್ಲ.
ನಾಲ್ಕೂ ಮಹಡಿಗೆ ಕೇಳಿಸಿತು ಆ ಪ್ರಶ್ನೆ.
ಮೇಲೆಲ್ಲೋ ಇಳಿಯುತ್ತಿದ್ದ ಹೆಜ್ಜೆ
ಮೆಟ್ಟಿಲ ನಡುವೆ ನಿಂತಿತು.