ಜಾಲರಿ

ಚಿಂತಾಮಣಿಯ ಬಂಡೆಗಳು
ರಾತ್ರಿಯೂ ಆರದ ಏಪ್ರಿಲ್.
ಏಸಿ ಬರೀ ಉಸ್ಸೆನ್ನುತ್ತಿತ್ತು.

ಜಬೀಉಲ್ಲಾ ಸ್ಟೂಲು ಹತ್ತಿ ಫಿಲ್ಟರ್ ಎಳೆದ:
ಕಂಬಳಿ ನೇಯುವಷ್ಟು ಕೂದಲು.
"ಎಷ್ಟು ಬೆಕ್ಕು ಅಕ್ಕಾ?"
"ಎರಡೇ. ಒಂದು ಬಿಳಿ, ಒಂದು ಕರಿ."

ಬಚ್ಚಲಲ್ಲಿ ಹಳೇ ಬ್ರಷ್ಷಿಂದ ಉಜ್ಜುತ್ತ
ಒಂದೆಳೆ ಬೆಳಕಿಗೆ ಹಿಡಿದ.
"ಇದು ಕಂದು."

ಮಧ್ಯಾಹ್ನ ನಾನು ಆರನೇ ಕ್ಲಾಸಿನ ಲೆಕ್ಕದಲ್ಲಿ.
ಬಾಗಿಲು ಹಾಕಿರುತ್ತೆ, ಕಿಟಕಿಯೂ.
ಮನೆಯಲ್ಲಿರುವುದು ಮಾವ ಒಬ್ಬರೇ,
ಇರೋ ಎರಡನ್ನೂ ಓಡಿಸು ಅನ್ನುವವರು,
ತಿಂಗಳಿಂದ ಕಾಫಿಗೆ ಹಾಲು ಸಾಲದು ಅನ್ನುವವರು.

ಪೇಪರು ಇನ್ನೂ ಮೇಲೇರಿತು.

ಒದ್ದೆ ಜಾಲರಿಯನ್ನು ನೆರಳಿಗೆ ಒರಗಿಸಿ
ಜಬೀಉಲ್ಲಾ ಹೇಳಿದ:
"ಎರಡಿದ್ರೆ ಹದಿನೈದು ದಿನಕ್ಕೊಮ್ಮೆ ತೊಳೀರಿ.
ಮೂರಿದ್ರೆ, ವಾರಕ್ಕೊಮ್ಮೆ."

"ವಾರಕ್ಕೊಮ್ಮೆ," ಎಂದೆ,
ಪೇಪರಿನ ಕಡೆ ತಿರುಗಿ.