ಪಾತಾಳ್ ಎಕ್ಸ್‌ಪ್ರೆಸ್: ಫೋಟೊ ಕೌಂಟರಿನಿಂದ

ಕೂಗಿ ಬಂದವರ ಗಂಟಲು ಮೊದಲು ಕೇಳುವುದು ನೀರು.
ಆಮೇಲೆ ಶುರು, ಅಭಿಪ್ರಾಯ.

ನನ್ನ ಕೌಂಟರು ಹೊರಬಾಗಿಲಿನ ಎಡಕ್ಕೆ,
ಭಾಂಡುಪಿನ ಈ ಹಳೇ ಪೇಂಟು ಕಾರ್ಖಾನೆಯ
ಶೆಡ್ಡು ನಂಬರು ನಾಲ್ಕರಲ್ಲಿ.
ಕತ್ತಲೊಳಗೆ ಫಳ್ಳೆಂದು ತೆಗೆದ ಮುಖಗಳನ್ನು
ಇನ್ನೂರೈವತ್ತು ರೂಪಾಯಿಗೆ ಅವರವರಿಗೇ ಮಾರುತ್ತೇನೆ.
ಪಾತಾಳ್ ಎಕ್ಸ್‌ಪ್ರೆಸ್ ಓಡತೊಡಗಿ ಮೂರು ವಾರ.
ಕಿವಿ ತೂತಾಗುವಷ್ಟು ಕೇಳಿದ್ದೇನೆ.

"ನೂರು ಅಡಿ ಬೀಳ್ತದೆ, ಕಮ್ಮಿ ಅಂದ್ರೂ"
ಎನ್ನುತ್ತಾನೆ ಕಾಂಜುರಿನ ಹುಡುಗ, ಹನ್ನೊಂದನೇ ಸಲ ಬಂದವನು,
ವಾರಕ್ಕೆ ಹತ್ತಡಿ ಏರಿಸುತ್ತಾ.
"ಛೆ, ಹೊರಗಿನ ಹಳೇ ಬಿಜಲಿಯೇ ವಾಸಿ,
ಅದರ ನೆತ್ತಿಯಿಂದ ಪವಯಿ ಕೆರೆ ಕಾಣುತ್ತಿತ್ತು.
ಏನೂ ಕಾಣದಲ್ಲಿ ಹೆದರುವುದೇನು ಮಣ್ಣು?"
ಇವರು ಆಸ್ಪಿ ಇರಾನಿ, ವರ್ಷದ ಪಾಸು,
ಮೊಣಕಾಲಿಗೆ ಬೆಲ್ಟು ಬಿಗಿದ ಅರವತ್ತೆರಡು.
ಡೋಂಬಿವಲಿಯ ಮೂವರು ನರ್ಸಮ್ಮಂದಿರು,
ನೈಟ್ ಡ್ಯೂಟಿ ಮುಗಿಸಿ ನಿದ್ದೆಗೆ ಚಕ್ಕರ್ ಹೊಡೆದು ಬಂದವರು:
ಎಂಟೂ ಹದಿನಾಲ್ಕರ ಫಾಸ್ಟಿನಲ್ಲಿ ಇದಕ್ಕಿಂತ ಜಾಸ್ತಿ ಜೋಲಿ,
ಆದರೆ ಇಲ್ಲಿ ಸೀಟು ಸಿಗುತ್ತದೆ,
ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ.
ಒಬ್ಬಾಕೆ ಇನ್ನೊಂದು ಟಿಕೆಟ್ಟು ಕೊಂಡಳು.
"ಬಾಕಿ ಉಳಿದಿದೆ" ಎಂದಳು. ಏನೆಂದು ನಾನು ಕೇಳಲಿಲ್ಲ.

ತಲೆಕೆಳಗಾಯಿತು ಎಂದು ಒಂದು ಗುಂಪು ಆಣೆ ಹಾಕುತ್ತದೆ,
ಆಗಲೇ ಇಲ್ಲ ಎಂದು ಇನ್ನೊಂದು.
ಎರಡೂ ಗುಂಪು ನನ್ನತ್ತ ನೋಡುತ್ತವೆ.
ನಾನು ಚಿಲ್ಲರೆ ಎಣಿಸುತ್ತೇನೆ.

ಯಾಕೆಂದರೆ ಬೆಳಿಗ್ಗೆ ಏಳಕ್ಕೆ
ಸೋಪಾನ ಗುಜರ ಗ್ರೀಸು ಡಬ್ಬಿ ಹಿಡಿದು ಒಳಹೊಕ್ಕು
ಟ್ಯೂಬ್‌ಲೈಟು ಹಾಕುತ್ತಾನೆ, ಒಂದೊಂದೇ, ಮಿಣುಕಿ ಮಿಣುಕಿ.
ನೋಡಿದ್ದೇನೆ ನಾನು ಪಾತಾಳವನ್ನು:
ಕಪ್ಪು ಬಳಿದ ತಗಡು, ಮೂಲೆಗೊಂದು ಬಕೇಟು,
ತೊಲೆಯ ಮೇಲೆ ಪಾರಿವಾಳದ ಸಂಸಾರ,
ಪೈಜಾಮದಿಂದ ಕಳಚಿದ ಲಾಡಿಯ ಹಾಗೆ
ಸುತ್ತಿ ಸುತ್ತಿ ಅಲ್ಲಲ್ಲೇ ಬಿದ್ದ ಹಳಿ.
ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿತವಳು,
ಅಡಿ ಲೆಕ್ಕ ತಪ್ಪುವುದಿಲ್ಲ:
ನಮ್ಮ ಚಾಳಿನ ಮೂರನೇ ಮಾಳಿಗೆಯಷ್ಟೂ ಇಲ್ಲ ಎತ್ತರ.
ತಲೆಕೆಳಗಂತೂ ಎಲ್ಲೂ ಇಲ್ಲ.

ಹೇಳಿದರೆ ಕೆಲಸ ಹೋದೀತು, ಹದಿನಾರು ಸಾವಿರ.
ಅದಕ್ಕಲ್ಲ ಸುಮ್ಮನಿರುವುದು.

ಕಳೆದ ಭಾನುವಾರ ಒಬ್ಬರು ಬಂದರು,
ಇಸ್ತ್ರಿ ಷರಟು, ಮೇಲುಜೇಬಿನಲ್ಲಿ ಕನ್ನಡಕದ ಪೆಟ್ಟಿಗೆ,
ಮೊಮ್ಮಗಳ ಕೈಹಿಡಿದು. ದಾಜಿಬಾ ಸಾಟಮ್.
ಇಳಿದವರೆಲ್ಲ ಕೂದಲು ಸರಿಮಾಡಿಕೊಳ್ಳುತ್ತಿದ್ದರೆ
ಇವರು ಗೋಡೆಗೆ ಕೈಯಿಟ್ಟು ನಿಂತಿದ್ದರು.
"ಮೊದಲು ಬೀಳ್ತದಲ್ಲ, ಅಲ್ಲಿ ಬಿಳಿ ಬಣ್ಣದ ತೊಟ್ಟಿ.
ಎಡಕ್ಕೆ ಎಳೀತದಲ್ಲ, ಅಲ್ಲಿ ಹಾಜರಿ ಮೇಜು.
ಕೊನೆಗೆ ಬ್ರೇಕು ಹಾಕ್ತಾರಲ್ಲ, ಅಲ್ಲೇ
ಬೀಗ ಜಡಿದ ದಿನ ನಾವು ಕೂತದ್ದು,
ಎಂಬತ್ತು ಜನ, ಸಂಜೆವರೆಗೆ."
ಮರಾಠಿಯಲ್ಲಿ ಹೇಳಿದರು, ಕ್ರಿಕೆಟ್ ಸ್ಕೋರು ಹೇಳುವ ದನಿಯಲ್ಲಿ.
"ಚೆನ್ನಾಗಿದೆ. ಟರ್ಪೆಂಟೈನ್ ವಾಸನೆಯೊಂದು ಹೋಗಿಲ್ಲ."
ಮೊಮ್ಮಗಳಿಗೆ ಯಾವ ವಾಸನೆಯೂ ಬಂದಿರಲಿಲ್ಲ.
ಅವಳ ದೂರು ಒಂದೇ: ಬೇಗ ಮುಗಿಯಿತು.

ಫೋಟೊ ತೋರಿಸಿದೆ.
ಮುಂದಿನ ಸಾಲಲ್ಲಿ ಎಲ್ಲರ ಬಾಯಿ ಬಾವಿ.
ಇವರೊಬ್ಬರ ಮೋರೆ ಸ್ವಲ್ಪ ಬಲಕ್ಕೆ ಹೊರಳಿತ್ತು,
ಪಕ್ಕದ ಪಾಳಿಯವನು ಯಾರೋ ಕರೆದ ಹಾಗೆ.
ಕೊಳ್ಳಲಿಲ್ಲ. ದುಬಾರಿ ಎಂದರು. ನಿಜವೇ.
ರಾತ್ರಿ ಅಳಿಸಬೇಕು, ನಿಯಮ.
ಅದೊಂದು ಇನ್ನೂ ನನ್ನ ಕಂಪ್ಯೂಟರಿನಲ್ಲಿದೆ.

ಇವತ್ತು ಕಾಂಜುರಿನ ಹುಡುಗ ಮತ್ತೆ ಬಂದ.
"ತಾಯೀ, ನಿಜ ಹೇಳಿ, ಎಷ್ಟು ಆಳ?"
ಲಾಡಿ ನೆನಪಾಯಿತು, ಬಕೇಟು, ಪಾರಿವಾಳ,
ಸಂಜೆವರೆಗೆ ಕೂತ ಎಂಬತ್ತು ಜನ.
"ನೂರಿಪ್ಪತ್ತು ಇರಬಹುದು" ಅಂದೆ.
"ಜಾಸ್ತಿನೇ ಇದೆ" ಎಂದು ನನ್ನನ್ನೇ ತಿದ್ದಿ
ಓಡಿಹೋಗಿ ಸಾಲಿಗೆ ನಿಂತ.